ಕಾಯಿಲೆಯಿಂದ ಎದ್ದ ಕಟ್ಟಡಗಳು

ನಿನ್ನೆ ನಾಲ್ಕು ತಿಂಗಳ ಮೇಲೆ ಮತ್ತೆ ಶಾಲೆಗೆ ಹೋದೆ. ಕರುಳಿನ ಆಪರೇಷನ್ ಆದಮೇಲೆ ಇದೇ ಮೊದಲ ಡ್ರಾಯಿಂಗ್ ಕ್ಲಾಸು. ಇಪ್ಪತ್ತು ನಿಮಿಷ ನಿಂತಿದ್ದೆನೇನೋ, ಮಕ್ಕಳೇ ಕುರ್ಚಿ ತಂದಿಟ್ಟರು.

ಋಣ ಜಾಸ್ತಿ ಇದೆ. ನಡುರಾತ್ರಿ ಎಷ್ಟು ಸಲ ಕರೆದರೂ ಬೇಸರ ಮಾಡದ ವಾರ್ಡಿನ ಸಿಸ್ಟರ್‌ಗಳಿಗೆ, ಮೂರು ವಾರ ತಪ್ಪದೆ ಗಂಜಿ ಕಳಿಸಿದ ಮೇಲಿನ ಮನೆ ಅಜ್ಜಿಗೆ, ಸಂಬಳ ಹೋದರೂ ಪಕ್ಕದಲ್ಲೇ ಕೂತ ತಮ್ಮನಿಗೆ ನಮಸ್ಕಾರ.

ತಮ್ಮನಿಗೆ ಇನ್ನೊಂದು ನಮಸ್ಕಾರ. ಹಳೇ ಪುಸ್ತಕದಂಗಡಿಯಿಂದ ಇಟಲಿಯ ಚಿತ್ರಕಾರ ಜಾರ್ಜೋ ಡಿ ಕಿರಿಕೊನ ಚಿತ್ರಗಳ ಪುಸ್ತಕ ತಂದುಕೊಟ್ಟವನು ಅವನೇ. "ಅಣ್ಣಾ, ಇದರಲ್ಲಿ ಜನಾನೇ ಇಲ್ಲ, ನಿನಗೆ ತೊಂದರೆ ಕೊಡಲ್ಲ" ಅಂದ. ನಿಜವೇ. ಖಾಲಿ ಚೌಕ, ಕಮಾನುಗಳ ಸಾಲು, ಉದ್ದುದ್ದ ನೆರಳು, ದೂರದಲ್ಲಿ ಹೊಗೆ ಬಿಡುವ ರೈಲು. ಕಿರಿಕೊನ ಅಪ್ಪ ರೈಲ್ವೆ ಎಂಜಿನಿಯರ್ ಅಲ್ವಾ, ರೈಲು ಮಗನನ್ನು ಬಿಡಲಿಲ್ಲ. 1914ರ 'ಪ್ರೇಮಗೀತೆ'ಯಲ್ಲಿ ಗ್ರೀಕ್ ದೇವತೆ ಅಪೊಲೊನ ಪ್ರತಿಮೆಯ ತಲೆಯ ಪಕ್ಕ ಒಂದು ರಬ್ಬರ್ ಗ್ಲೌಸ್ ನೇತಾಡುತ್ತದೆ, ಕೆಳಗೆ ಹಸಿರು ಚೆಂಡು. ಅದನ್ನು ನೋಡಿದ ಮರುದಿನ ಡ್ರೆಸಿಂಗ್‌ಗೆ ಬಂದವರ ಗ್ಲೌಸ್ ನೋಡಿ ನಗು ಬಂದು, ಹೊಲಿಗೆಯೆಲ್ಲ ನೋವಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು 1910ರ ಚಿತ್ರ, 'ಶರತ್ಕಾಲದ ಮಧ್ಯಾಹ್ನದ ಒಗಟು'. ಆಗ ಕಿರಿಕೊಗೂ ಕರುಳಿನದೇ ದೀರ್ಘ ಕಾಯಿಲೆ ಆಗಿತ್ತು. ಸ್ವಲ್ಪ ಚೇತರಿಸಿಕೊಂಡು ಫ್ಲಾರೆನ್ಸಿನ ಸಾಂತಾ ಕ್ರೋಚೆ ಚೌಕದಲ್ಲಿ ಬೆಂಚಿನ ಮೇಲೆ ಕೂತಿದ್ದ. ಎದುರಿಗೆ ಕವಿ ಡಾಂಟೆಯ ಪ್ರತಿಮೆ, ಚರ್ಚು. ಎಷ್ಟೋ ಸಲ ನೋಡಿದ ಜಾಗ. ಆದರೂ ಅವತ್ತು ಎಲ್ಲವನ್ನೂ ಮೊದಲ ಸಲ ನೋಡಿದಂತಾಯಿತಂತೆ. ಕಟ್ಟಡಗಳ ಅಮೃತಶಿಲೆ ಕೂಡ ಆಗಷ್ಟೇ ಕಾಯಿಲೆಯಿಂದ ಎದ್ದಂತೆ ಕಂಡಿತಂತೆ. ಮೆಟಫಿಸಿಕಲ್ ಚಿತ್ರಕಲೆ, ಅಂದರೆ ಕಣ್ಣಿಗೆ ಕಾಣುವುದರ ಆಚೆಯದನ್ನು ತೋರಿಸುವ ಕಲೆ, ಅಂತ ಆಮೇಲೆ ಹೆಸರಾದದ್ದು ಶುರುವಾಗಿದ್ದು ಅಲ್ಲಿಂದ. ಇಷ್ಟು ವರ್ಷ ಅದನ್ನು ಬರೀ ಕನಸಿನ ಚಿತ್ರ ಅಂತ ಪಾಠ ಮಾಡಿದ್ದೆ. ತಪ್ಪು. ಜ್ವರ ಬಿಟ್ಟ ಕಣ್ಣಿಗೆ ಎಚ್ಚರದಲ್ಲೇ ಹಾಗೆ ಕಾಣುತ್ತದೆ.

ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಬಾಗಿಲಾಚೆ ಬಂದಾಗ ಸಂಜೆ ನಾಲ್ಕೂವರೆ. ನೀರಿನ ಟ್ಯಾಂಕಿನ ನೆರಳು ರಸ್ತೆ ದಾಟಿ ಎದುರು ಮನೆಯ ಗೋಡೆ ಹತ್ತಿತ್ತು. ಹತ್ತು ವರ್ಷದಿಂದ ಅಲ್ಲೇ ಇರುವ ಟ್ಯಾಂಕು. ಸುಮ್ನೆ ನಿಂತು ನೋಡಿದೆ.

ಕೊನೆಯ ಥ್ಯಾಂಕ್ಸ್ ಎಂಟನೇ ಕ್ಲಾಸಿನ ಮಕ್ಕಳಿಗೆ. ಜನರಿಲ್ಲದ ಶಾಲೆ ಬರೆಯಿರಿ ಅಂತ ಫೋನಿನಲ್ಲಿ ಹೇಳಿದ್ದೆ. ಒಬ್ಬಳು ನನ್ನ ಖಾಲಿ ಕುರ್ಚಿ ಬರೆದಿದ್ದಾಳೆ. ಬೆಳಕು ಬಲಗಡೆ ಕಿಟಕಿಯಿಂದ, ನೆರಳೂ ಬಲಗಡೆಗೇ. ತಿದ್ದಲು ಪೆನ್ಸಿಲ್ ಹಿಡಿದವನು ಹಾಗೇ ಕೆಳಗಿಟ್ಟೆ.