ಬಾ, ಒಮ್ಮೆ ತಟ್ಟಿ ನೋಡು

ದೋಸ್ತ,

ಇದನ್ನ ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ಆದರೆ ನಮ್ಮ ಫೋನು ಹೇಗೆ ಅಂತ ನಿನಗೆ ಗೊತ್ತಲ್ವಾ? ಎರಡು ನಿಮಿಷಕ್ಕೆ ಗಣಿತದ ಮಾಸ್ತರರ ಸೈಕಲ್ ಬೆಲ್ಲಿನ ಹಳೇ ಕತೆಗೆ ಬಂದು ನಿಲ್ಲುತ್ತದೆ. ಆಮೇಲೆ ನಕ್ಕು ನಕ್ಕು ಹೇಳಬೇಕಾದ ಮಾತು ಉಳಿದೇ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ. ಬೋಟಿನ ಫೋಟೊ ಹಾಕಿದಾಗಿನಿಂದ ಎಲ್ಲಿಗೆ ಬಂತು, ಯಾವಾಗ ನೀರಿಗೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅವರೂ ಓದಲಿ.

ಗೋವಾದ ಒಂದು ಗುಜರಿ ಅಂಗಡಿಯ ಹಿತ್ತಲಲ್ಲಿ ಬೋರಲು ಬಿದ್ದಿತ್ತು. 14 ಅಡಿ ಉದ್ದದ ಫೈಬರ್ ಬೋಟು. ಒಳಗಿನ ಸಣ್ಣ ತಗಡಿನ ಮೇಲೆ 1984 ಅಂತ ಕೊರೆದಿದೆ. ಟೆಂಪೊದಲ್ಲಿ ಹೇರಿಕೊಂಡು ಚೋರ್ಲಾ ಘಾಟ್ ಹತ್ತಿ, ಬೆಳಗಾವಿ, ಯರಗಟ್ಟಿ ದಾಟಿ ತಂದೆ. ಲೋಕಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಹಿರಿಯರು ಟೆಂಪೊ ಸುತ್ತ ಒಂದು ಸುತ್ತು ಬಂದು ಮೆಲ್ಲಗೆ ಕೇಳಿದರು: "ತಮ್ಮಾ, ಈ ವರ್ಷನೂ ಹೊಳಿ ಬರತೈತೇನು?" 2019ರ ಆಗಸ್ಟಿನ ಪ್ರವಾಹ ಈ ಕಡೆ ಯಾರೂ ಮರೆತಿಲ್ಲ. ಇಲ್ಲ ಅಜ್ಜಾ, ಸುಮ್ನೆ ತಂದೀನಿ ಅಂದೆ. ಅವರ ಮುಖ ಸಡಿಲಾಯಿತು.

ಈಗ ಅದು ಬಾಗಲಕೋಟೆ ನವನಗರದ ನಮ್ಮ ಮನೆ ಮುಂದೆ, ತಗಡಿನ ಚಪ್ಪರದ ಕೆಳಗೆ ಇದೆ. ಕಾರು ರಸ್ತೆಯಲ್ಲಿ.

ಹಳೇ ಫೈಬರ್ ಬೋಟಿನ ಕಷ್ಟ ಏನು ಗೊತ್ತಾ? ಮೇಲಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಗಾಜಿನ ನಾರು, ಅದನ್ನು ಹಿಡಿದಿಡುವ ರೆಸಿನ್ ಅನ್ನುವ ಅಂಟು, ಎರಡೂ ಕೊಳೆಯುವುದಿಲ್ಲ. ಕೊಳೆಯುವುದು ಅವುಗಳ ಹೊಟ್ಟೆಯಲ್ಲಿರುವ ಕಟ್ಟಿಗೆ. ಹಿಂದಿನ ಗೋಡೆಯಲ್ಲಿ, ಅಂದರೆ ಎಂಜಿನ್ ನೇತು ಹಾಕುವ ಜಾಗದಲ್ಲಿ, ಎರಡು ಫೈಬರ್ ಪದರಿನ ನಡುವೆ ಪ್ಲೈವುಡ್ ಇರುತ್ತದೆ. ಎಂಜಿನ್ ಬಿಗಿದ ಬೋಲ್ಟಿನ ತೂತಿನಿಂದ ಒಂದೊಂದೇ ಹನಿ ಒಳಗೆ ಇಳಿಯುತ್ತದೆ. ಹತ್ತು ವರ್ಷ, ಇಪ್ಪತ್ತು ವರ್ಷ. ಹೊರಗೆ ಬಣ್ಣ ಥಳಥಳ ಅನ್ನುತ್ತಿರುತ್ತದೆ.

ಇದನ್ನು ಕಂಡುಹಿಡಿಯುವುದಕ್ಕೆ ಒಂದು ಸುಲಭ ದಾರಿ ಇದೆ. ತಟ್ಟಿ ನೋಡುವುದು. ಸ್ಕ್ರೂ ಡ್ರೈವರಿನ ಹಿಡಿಯಿಂದ ಗೇಣಿಗೊಂದು ಸಲ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ. ಕೆಟ್ಟ ಕಡೆ ದಬ್. ನಾನು ಮೂರು ಸಂಜೆ ತಟ್ಟಿದೆ. ಒಮ್ಮೆ ಟಣ್ ಅಂದಿದ್ದು ಇನ್ನೊಮ್ಮೆ ದಬ್ ಅನ್ನಿಸುತ್ತಿತ್ತು. ನಾಲ್ಕನೇ ಸಂಜೆ ಅವ್ವ ಸೊಪ್ಪು ಸೋಸುತ್ತಾ ಕೂತವಳು ಎದ್ದು ಬಂದಳು. ಬೆರಳಿನ ಗೆಣ್ಣು ಮಡಚಿ, ಸಂತೆಯಲ್ಲಿ ಗಡಿಗೆ ತಟ್ಟಿ ನೋಡುತ್ತಾರಲ್ಲ, ಹಾಗೆ ಕಿವಿ ಹತ್ತಿರ ಹಿಡಿದು ತಟ್ಟಿದಳು. "ಇಲ್ಲೆ ಐತಿ ನೋಡು. ಇಲ್ಲಿಂದ ಇಲ್ಲಿತನಾ ಹೋಗೇತಿ." ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ. ಆ ಗೆರೆ ಮೇಲೆ ಡ್ರಿಲ್ ಇಟ್ಟಾಗ ಕಟ್ಟಿಗೆ ಪುಡಿ ಬರಲಿಲ್ಲ. ಕಪ್ಪು ನೀರು ಬಂತು. ಮಳೆಯಲ್ಲಿ ನೆನೆದ ಗೋಣಿಚೀಲದ ವಾಸನೆ.

ಆ ವಾಸನೆಯ ಮುಂದೆ ನಿಂತಾಗ ನೀನು ನೆನಪಾದೆ. ನಿನ್ನ ಕಿವಿ ನೆನಪಾಯಿತು. ಹೋಳಿಗೆ ಹಲಗಿ, ಅದೇ ನಮ್ಮ ಚರ್ಮದ ವಾದ್ಯ, ಕಾಸುವಾಗ ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಅಂತ ಬೆಂಕಿಯ ಹತ್ತಿರ ಹಿಡಿದು, ಬೆರಳಿನಿಂದ ಒಮ್ಮೆ ಮುಟ್ಟಿ, ಈಗ ಬಾರಿಸು ಅನ್ನುತ್ತಿದ್ದವನು ನೀನು. ಬಣ್ಣದ ಬಂಡಿ ಬರುವ ಮೊದಲೇ ಹಲಗಿ ಕೇಳಿ ಇದು ಯಾವ ಓಣಿಯವರದು ಅಂತ ಹೇಳುತ್ತಿದ್ದೆ.

ಹಲಗಿಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕೆಲಸದ್ದು ಹೇಳಿಬಿಡುತ್ತೇನೆ.

ಹಿಂದಿನ ಗೋಡೆಯನ್ನು ಒಳಗಡೆಯಿಂದ ಕತ್ತರಿಸಿ, ಹೊರಗಿನ ಪದರ ಹಾಗೇ ಉಳಿಸಿಕೊಂಡು, ಕೊಳೆತ ಪ್ಲೈವುಡ್ ಪೂರಾ ಕೆರೆದು ತೆಗೆದೆ. ಕೈಯಲ್ಲಿ ಹಿಡಿದರೆ ಹಿಂಡಿ ಹಾಗೆ ಉದುರುತ್ತಿತ್ತು. ನೆಲದ ಕೆಳಗೆ ತೇಲಲಿ ಅಂತ ತುಂಬಿದ ಫೋಮು ನೀರು ಕುಡಿದು ಕುಡಿದು ಮೂರು ಗೋಣಿಚೀಲ ಆಯಿತು. ತೇಲಿಸಬೇಕಾದ್ದೇ ಭಾರ ಆಗಿತ್ತು ನೋಡು. ಹೊಸದಾಗಿ 18 ಮಿ.ಮೀ.ನ ಎರಡು ಮರೈನ್ ಪ್ಲೈ ಅಂಟಿಸಿ 36 ಮಾಡಿದೆ. ಮರೈನ್ ಪ್ಲೈಗೆ ಇರುವ ಭಾರತೀಯ ಮಾನದಂಡ ಐಎಸ್ 710, ಆ ಗುರುತು ಇರುವುದನ್ನೇ ತಂದೆ. ಒಡೆದ ಕಡೆ ತೇಪೆ ಹಾಕುವುದಕ್ಕೂ ಒಂದು ಲೆಕ್ಕ ಇದೆ. ಗೋಡೆ ಎಷ್ಟು ದಪ್ಪವೋ ಅದರ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಗ್ರೈಂಡ್ ಮಾಡಬೇಕು. 5 ಮಿ.ಮೀ. ದಪ್ಪಕ್ಕೆ ಸುತ್ತ 6 ಸೆಂ.ಮೀ. ಆಗಲೇ ಹೊಸ ಪದರಕ್ಕೆ ಹಳೇದರ ಮೇಲೆ ಹಿಡಿತ ಸಿಗುತ್ತದೆ. ಸುಮ್ನೆ ಗಾಜಿನ ನಾರಿನ ಮ್ಯಾಟ್ ಮೇಲೆ ಮ್ಯಾಟ್ ಮೆತ್ತಿದರೆ ಸಾಲುವುದಿಲ್ಲ.

ಮತ್ತೆ ನಮ್ಮೂರಿನ ಬಿಸಿಲು. ಏಪ್ರಿಲ್‌ನಲ್ಲಿ ಒಂದು ಕಿಲೋ ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ 20 ಮಿ.ಲೀ. ಹಾಕಿದೆ. ಬ್ರಷ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಪ್ಲಾಸ್ಟಿಕ್ ಮಗ್ ಮೆತ್ತಗಾಗಿ ವಾಲಿತ್ತು, ಹೊಗೆ ಏಳುತ್ತಿತ್ತು. ಒಳಗಿದ್ದದ್ದು ಜೇನಿನ ಬಣ್ಣದ ಕಲ್ಲು. ಅವತ್ತಿನಿಂದ 10 ಮಿ.ಲೀ. ಅದೂ ಬೆಳಿಗ್ಗೆ ಐದಕ್ಕೆ ಎದ್ದು, ಎಂಟರೊಳಗೆ ಮುಗಿಸುವುದು. ಈ ಕೆಲಸಕ್ಕೆ ಕೈ ಹಾಕುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾಕುವ ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ಬೆರೆಸಲೇಬೇಡಿ, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಮಾಸ್ಕ್ ಇಲ್ಲದೆ ಗ್ರೈಂಡರ್ ಮುಟ್ಟಬೇಡಿ. ತೋಳು ತುಂಬ ಅಂಗಿ ಹಾಕಿ. ಆ ಪುಡಿ ಮೈಗೆ ಹತ್ತಿದರೆ ರಾತ್ರಿ ಪೂರ್ತಿ ಕೆರೆತ.

ಎಂಜಿನ್ 25 ಎಚ್‌ಪಿ, ಟೂ ಸ್ಟ್ರೋಕ್. ಕಾರ್ಬ್ಯುರೇಟರ್ ತೊಳೆದೆ, ನೀರೆಳೆಯುವ ರಬ್ಬರಿನ ಇಂಪೆಲ್ಲರ್ ಬದಲಿಸಿದೆ. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಚಾಲೂ ಮಾಡಿದಾಗ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮಿತು. ಅಂದರೆ ಎಂಜಿನ್ ತಣ್ಣಗಿರುತ್ತದೆ ಅಂತ ಅರ್ಥ. ಓಣಿಯ ಹುಡುಗರೆಲ್ಲ ಚಪ್ಪಾಳೆ ಹೊಡೆದರು.

ಈಗ ಆ ಮಾತಿಗೆ ಬರುತ್ತೇನೆ.

ಎಂಜಿನ್ ಕೂರುವ ಜಾಗಕ್ಕೆ ಒಳಗಡೆ ಒಂದು ಗಟ್ಟಿ ಮರದ ಹಲಗೆ ಬೇಕಿತ್ತು. ಅಪ್ಪ ಅಟ್ಟ ಹತ್ತಿಸಿ ಒಂದು ತುಂಡು ಇಳಿಸಿಸಿದರು. ಹಳೇ ಬಾಗಲಕೋಟೆಯ ನಮ್ಮ ಮನೆಯ ಸಾಗವಾನಿ ತೊಲೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮುಳುಗುತ್ತದೆ ಅಂತ ಮನೆ ಕೆಡವುವಾಗ ಬಾಗಿಲು, ಕಿಟಕಿ, ತೊಲೆ ಎಲ್ಲ ಬಿಚ್ಚಿ ತಂದಿದ್ದೆವಲ್ಲ, ಅದರಲ್ಲಿ ಉಳಿದದ್ದು. ಸಾಗವಾನಿಯಲ್ಲಿ ಎಣ್ಣೆ ಇರುತ್ತದೆ, ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಅಂಟಿಸದೆ ಬೋಲ್ಟ್ ಹಾಕಿ ಬಿಗಿದೆ. ಉಜ್ಜುವಾಗ ಒಂದು ಕಡೆ ಮಸಿ ಕಂಡಿತು. ನಮ್ಮ ಅಡುಗೆಮನೆಯ ಹೊಗೆ. ಇಷ್ಟು ವರ್ಷ ಆದಮೇಲೂ ಕೈಗೆ ಹತ್ತಿತು.

ನಾವು ಮಗ್ಗಿಗಿಂತ ಮೊದಲು ಮೀಟರು ಕಲಿತವರು, ಅಲ್ವಾ? ಆ ಅಣೆಕಟ್ಟಿನಲ್ಲಿ 519.60 ಮೀಟರಿಗೆ ನೀರು ನಿಂತರೆ ಯಾರ ಓಣಿ ಹೋಗುತ್ತದೆ, ಯಾರದು ಉಳಿಯುತ್ತದೆ ಅನ್ನುವುದೇ ದೊಡ್ಡವರ ಮಾತು. 1964ರಲ್ಲಿ ಶಾಸ್ತ್ರೀಜಿ ಆಲಮಟ್ಟಿಗೆ ಅಡಿಗಲ್ಲು ಹಾಕಿದಾಗ ನಮ್ಮಪ್ಪ ಸಣ್ಣ ಹುಡುಗ. ನೀರು ಮನೆ ಬಾಗಿಲಿಗೆ ಬರುವ ಹೊತ್ತಿಗೆ ಅವರ ಮಗ ನಾನು ಎಸ್ಸೆಸ್ಸೆಲ್ಸಿ. ನಮ್ಮದು ಸ್ವಂತ ಮನೆ, ಪರಿಹಾರ ಬಂತು, ನವನಗರದಲ್ಲಿ ಸೈಟು ಬಂತು. ನಿಮ್ಮದು ಬಾಡಿಗೆ ಮನೆ. ಮನೆಯ ದುಡ್ಡು ಮಾಲೀಕರಿಗೆ ಹೋಯಿತು. ನಿಮ್ಮಪ್ಪ ಪುಣೆಗೆ ಹೊರಟರು.

ನೀವು ಹೊರಟ ದಿನ ನಾನು ಬರಲಿಲ್ಲ. ಜ್ವರ ಬಂದಿತ್ತು ಅಂತ ಹೇಳಿದ್ದೆ. ನೀನು ನಂಬಿದ್ದೆ, ಪುಣೆಯಿಂದ ಬರೆದ ಮೊದಲ ಕಾಗದದಲ್ಲೇ "ಜ್ವರ ಹೆಂಗೈತಿ" ಅಂತ ಕೇಳಿದ್ದೆ. ಜ್ವರ ಬಂದಿರಲಿಲ್ಲ. ನಾನು ಸೈಟಿನಲ್ಲಿದ್ದೆ. ಗೌಂಡಿ ದಾರ ಕಟ್ಟಿ ಸುಣ್ಣ ಹಾಕುತ್ತಿದ್ದ. ಇದು ನನ್ನ ಕೋಣೆ, ಇಲ್ಲಿ ಕಿಟಕಿ ಅಂತ ನಾನೇ ನಿಂತು ಹೇಳುತ್ತಿದ್ದೆ. ಚಾರ್ಲ್ಸ್ ಕೊರಿಯಾ ಯೋಜನೆ ಮಾಡಿದ ಊರು, ಅಗಲ ರಸ್ತೆ, ಸೆಕ್ಟರಿಗೊಂದು ನಂಬರು. ನನಗೆ ಖುಷಿ ಆಗಿತ್ತು ದೋಸ್ತ. ಊರೆಲ್ಲ ಅಳುತ್ತಿದ್ದಾಗ ನನಗೆ ಖುಷಿ ಆಗಿತ್ತು. ನಿಮ್ಮ ಲಾರಿ ಮುಂದೆ ಅಳುವ ಮುಖ ಮಾಡಿ ನಿಲ್ಲುವುದಕ್ಕೆ ಆಗುತ್ತಿರಲಿಲ್ಲ. ಅದಕ್ಕೇ ಬರಲಿಲ್ಲ.

ಇಷ್ಟೇ ಬರೆಯಬೇಕು ಅಂತ ಕೂತಿದ್ದೆ. ಇನ್ನೊಂದಿದೆ.

ನಿನ್ನ ಹಲಗಿ. ಲಾರಿಯಲ್ಲಿ ಜಾಗ ಇಲ್ಲ, ಮುಂದಿನ ಹೋಳಿಗೆ ಬರುತ್ತೇನೆ, ಅಲ್ಲಿತನಕ ಇಟ್ಟುಕೋ ಅಂತ ಹಿಂದಿನ ದಿನ ಕೊಟ್ಟು ಹೋಗಿದ್ದೆ. ಆಮೇಲೆ ಕೇಳಿದಾಗ ಚರ್ಮಕ್ಕೆ ಹುಳ ಬಿತ್ತು, ಕೆಟ್ಟು ಹೋಯಿತು ಅಂದೆ. ಹುಳ ಬಿದ್ದಿರಲಿಲ್ಲ. ನಮ್ಮ ಟ್ರ್ಯಾಕ್ಟರಿನ ಕೊನೇ ಟ್ರಿಪ್ಪಿನಲ್ಲಿ ಜಾಗ ಇತ್ತು. ನಾನು ನನ್ನ ಕ್ರಿಕೆಟ್ ಬ್ಯಾಟು ಹಾಕಿದೆ, ಸೈಕಲ್ ಹಾಕಿದೆ. ಹಲಗಿ ಅಡುಗೆಮನೆಯ ಗೂಟಕ್ಕೆ ನೇತು ಹಾಕಿದ್ದು ಕಣ್ಣಿಗೆ ಕಾಣುತ್ತಿತ್ತು. ಮರೆತು ಬಂದೆ ಅಂದರೆ ಅದೂ ಸುಳ್ಳಾಗುತ್ತದೆ. ನಾಳೆ ಬಂದು ಒಯ್ದರಾಯಿತು ಅಂದುಕೊಂಡೆ. ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ. ಹೋದಾಗ ಗೋಡೆ ಇರಲಿಲ್ಲ.

ಆ ತೊಲೆಗೆ ಹತ್ತಿದ್ದ ಮಸಿ ಅದೇ ಅಡುಗೆಮನೆಯದು. ಅದನ್ನು ಕೈಯಲ್ಲಿ ಹಿಡಿದು ಚಪ್ಪರದ ಕೆಳಗೆ ಬಹಳ ಹೊತ್ತು ಕೂತಿದ್ದೆ. ಇವಳು ಚಹಾ ತಂದಿಟ್ಟು, ಏನಾಯ್ತು ಅಂತ ಕೇಳಿ, ಉತ್ತರ ಬರದೇ ಇದ್ದಾಗ ಪಕ್ಕದಲ್ಲೇ ಕೂತಳು. ಬೋಟು ಯಾಕೆ ತಂದೆ ಅಂತ ಎಲ್ಲರೂ ಕೇಳಿದ್ದಾರೆ. ನೀರಿನ ಹುಚ್ಚು ಅಂತ ಹೇಳುತ್ತಾ ಬಂದಿದ್ದೇನೆ. ಆ ಹುಚ್ಚು ನಿಜವೇ. ಆದರೆ ನಮ್ಮ ಓಣಿ ಮುಳುಗಿದ ನೀರಿನ ಮೇಲೆ, ಪರಿಹಾರ ಸಿಕ್ಕವನು ಮೋಜಿಗೆ ಬೋಟು ಬಿಡುವುದು ಸರಿಯಾ ಅಂತ ಅವತ್ತು ಮೊದಲ ಸಲ ಅನ್ನಿಸಿತು. ಈಗ ಅಣೆಕಟ್ಟಿನ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ನಡೆದಿದೆ. ಮತ್ತೆ ಹುಡುಗರು ಮಗ್ಗಿಗಿಂತ ಮೊದಲು ಮೀಟರು ಕಲಿಯುತ್ತಿದ್ದಾರೆ. ಮತ್ತೆ ಯಾರದೋ ಸ್ವಂತ ಮನೆ ಇರುತ್ತದೆ, ಅದರ ಪಕ್ಕ ಯಾರದೋ ಬಾಡಿಗೆ ಮನೆ ಇರುತ್ತದೆ. ನನಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಹಲಗಿಯ ಮಾತನ್ನೂ ಹೇಳಿದೆ. ಅವರು ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ. "ಅವಂಗ ಹೇಳು. ನನಗ್ಯಾಕ ಹೇಳ್ತಿ?" ಅಂದರು.

ಹೇಳಿದೆ.

ಇರಲಿ. ಇನ್ನು ನೀನು ಫೋನ್ ಮಾಡಿ ಬಯ್ಯುವ ಮೊದಲು ಮುಖ್ಯವಾದ ವಿಷಯಗಳು. ಬಣ್ಣ ಯಾವುದು ಅಂತ ಮನೆಯಲ್ಲಿ ಮೂರು ಪಕ್ಷ ಆಗಿವೆ. ಮಗಳಿಗೆ ಹಳದಿ, ಅವ್ವನಿಗೆ ಇಳಕಲ್ ಸೀರೆಯ ದಡಿಯ ಕೆಂಪು, ಅಪ್ಪನಿಗೆ ಬಿಳಿ. ನಿನ್ನ ಓಟು ಬೇಕು. ರಿಜಿಸ್ಟ್ರೇಷನ್ ಆಗದೆ ನೀರಿಗೆ ಇಳಿಸುವುದಿಲ್ಲ. ಲೈಫ್ ಜಾಕೆಟ್ ಆರು ಬಂದಿವೆ, ಅದರಲ್ಲಿ ಒಂದು ನಿನ್ನ ಸೈಜು. ಪುಣೆಯಲ್ಲಿ ಹೊಟ್ಟೆ ಬಂದಿದ್ದರೆ ಮೊದಲೇ ತಿಳಿಸು, ಬದಲಿಸಿಕೊಡುತ್ತಾರೆ. ಚಳಿಗಾಲಕ್ಕೆ ಹೆರಕಲ್ ಕಡೆ ಹಿನ್ನೀರಿಗೆ ರಾಜಹಂಸಗಳು ಇಳಿಯುತ್ತವೆ, ಆಗ ಬಾ. ದೂರದಲ್ಲೇ ಎಂಜಿನ್ ನಿಲ್ಲಿಸಿ, ಹುಟ್ಟು ಹಾಕಿಕೊಂಡು ಹೋಗೋಣ. ಮಿರ್ಚಿ, ಚುರುಮುರಿ ನನ್ನ ಖರ್ಚು. ಎರಡೂವರೆ ಚಹಾದ ಹಳೇ ಬಾಕಿ ಮಾತ್ರ ನೀನೇ ಚುಕ್ತಾ ಮಾಡಬೇಕು, ಅದರಲ್ಲಿ ಮಾಫಿ ಇಲ್ಲ.

ಜೆಲ್‌ಕೋಟ್, ಅಂದರೆ ಹೊರಗಿನ ಬಣ್ಣದ ಪದರ, ಬರುವ ವಾರ ಹೊಡೆಯುತ್ತೇನೆ. ಹಿಂದಿನ ಬಲಮೂಲೆಯಲ್ಲಿ ಒಂದು ಗೇಣು ಜಾಗ ಮಾತ್ರ ಹಾಗೇ ಬಿಟ್ಟಿದ್ದೇನೆ. ಅವ್ವ ಗಟ್ಟಿ ಐತಿ ಅನ್ನುತ್ತಾಳೆ. ನನಗೆ ಅಲ್ಲಿ ದಬ್ ಅಂತಲೇ ಕೇಳುತ್ತದೆ. ಸುತ್ತ ಸುಣ್ಣದ ಗೆರೆ ಹಾಕಿಟ್ಟಿದ್ದೇನೆ. ನೀನು ಬಂದು ತಟ್ಟಿ, ಆಗೇತಿ ಅಂದಮೇಲೆ ಅದಕ್ಕೆ ಬಣ್ಣ.

ನಿನ್ನ,
ಸೈಕಲ್ ಬೆಲ್ಲಿನ ಪಾಲುದಾರ
ನವನಗರ, ಬಾಗಲಕೋಟೆ