ಪಕ್ಕದ ಊರಿನ ಮೇಲೆ ಗೆದ್ದ ಆಟಕ್ಕೂ ನಾಲ್ಕು ಸಾಲು ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಅರಸೀಕೆರೆ ಕಡೆಯ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಕಲಿಸಿದವನು. ಬೆಳಿಗ್ಗೆ ಪೇಪರ್ ಬಂದರೆ ಇವತ್ತಿಗೂ ಮೊದಲು ತೆಗೆಯುವುದು ಆಟದ ಪುಟ. ಈ ಪತ್ರವೂ ಆ ಪುಟದ ವಿಷಯಕ್ಕೇ. ಆದರೆ ಮಾತು ಬಹಳ ದೂರದ ಒಂದು ಊರಿನಿಂದ ಶುರುವಾಗಬೇಕು. ದಯವಿಟ್ಟು ಪೂರ್ತಿ ಓದಿ.

ಮಗಳು, ಅಳಿಯ ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನಲ್ಲಿದ್ದಾರೆ. ಅಲ್ಲಿಗೆ ಹೋಗಿದ್ದಾಗ ಅಳಿಯ, "ಮಾವ, ಕೋಟೆ ಅರಮನೆ ಆಮೇಲೆ ನೋಡೋಣ. ನಿಮಗೆ ಮೊದಲು ಒಂದು ಮೈದಾನ ತೋರಿಸುತ್ತೇನೆ, ಬನ್ನಿ" ಎಂದು ರೈಲು ಹತ್ತಿಸಿದ. ಸುಮಾರು ಒಂದು ಗಂಟೆಯ ದಾರಿ. ಗಾಲಾಶೀಲ್ಸ್ ದಾಟಿ ಟ್ವೀಡ್‌ಬ್ಯಾಂಕ್‌ನಲ್ಲಿ ರೈಲು ನಿಲ್ಲುತ್ತದೆ, ಮುಂದಕ್ಕೆ ಹಳಿ ಇಲ್ಲ. ಅಲ್ಲಿಂದ ನಡೆದುಕೊಂಡೇ ಮೆಲ್‌ರೋಸ್ ಎಂಬ ಊರು ಸೇರಿದೆವು. ಮೂರು ತಲೆಯ ಒಂದು ಗುಡ್ಡ, ಅದರ ಬುಡದಲ್ಲಿ ಊರು. ನಮ್ಮ ಒಂದು ಹೋಬಳಿ ಕೇಂದ್ರದಷ್ಟಿದೆ, ಅಷ್ಟೇ. ಆ ಊರಿನ ರಗ್ಬಿ ಮೈದಾನದ ಹೆಸರು ಗ್ರೀನ್‌ಯಾರ್ಡ್ಸ್. ಆವತ್ತು ಆಟ ಇರಲಿಲ್ಲ. ಬೇಲಿ ಹಿಡಿದು ನಿಂತು ನೋಡಿದೆವು. ಒದ್ದೆ ಹುಲ್ಲು, ಎರಡು ತುದಿಯಲ್ಲಿ ಎತ್ತರದ ಗೋಲು ಕಂಬಗಳು. ಅಳಿಯ ಅಲ್ಲೇ ನಿಂತು ಕತೆ ಹೇಳಿದ. ಮನೆಗೆ ಬಂದ ಮೇಲೆ ನಾನು ಹುಡುಕಿ ಹುಡುಕಿ ಓದಿದೆ.

ಮೆಲ್‌ರೋಸ್‌ಗೂ ಗಾಲಾಶೀಲ್ಸ್‌ಗೂ ನಡುವೆ ಆರೇಳು ಕಿಲೋಮೀಟರ್. ಗಾಲಾಶೀಲ್ಸನ್ನು ಅಲ್ಲಿಯವರು ಗಾಲಾ ಅಂತಲೇ ಕರೆಯುತ್ತಾರೆ. ಮೊದಲು ಎರಡೂ ಊರಿನ ಹುಡುಗರು ಒಂದೇ ಕ್ಲಬ್ಬಿನಲ್ಲಿ ರಗ್ಬಿ ಆಡುತ್ತಿದ್ದರು. 1877ರಲ್ಲಿ ಬೇರೆಯಾದರು. ಮೆಲ್‌ರೋಸಿನವರು ರಾತ್ರೋರಾತ್ರಿ ಗೋಲು ಕಂಬಗಳನ್ನೇ ಕಿತ್ತು ಹೊತ್ತುಕೊಂಡು ಬಂದರು ಎಂದು ಊರಲ್ಲಿ ಹೇಳುತ್ತಾರೆ. ನಿಜವೋ ಸುಳ್ಳೋ, ಅಂಥ ಕತೆ ಹುಟ್ಟಿದೆ ಎಂದರೆ ಜಿದ್ದು ಎಷ್ಟಿತ್ತು ಅಂತ ನಮಗೆ ಗೊತ್ತಾಗುತ್ತದೆ. ಪಾಲಾದ ಅಣ್ಣತಮ್ಮಂದಿರ ಜಿದ್ದು ಬೇರೆ ಎಲ್ಲಾ ಜಿದ್ದಿಗಿಂತ ಜಾಸ್ತಿ, ಅಲ್ವಾ?

ಬೇರೆಯಾದ ಆರನೇ ವರ್ಷ ಮೆಲ್‌ರೋಸ್ ಕ್ಲಬ್ಬಿನ ಹತ್ತಿರ ದುಡ್ಡಿಲ್ಲ. ಆಡುವವರು ಕೂಲಿ, ಕಸುಬು ಮಾಡುವ ಹುಡುಗರು, ಯಾರಿಗೂ ಸಂಬಳ ಇಲ್ಲ. ಆಗ ನೆಡ್ ಹೇಗ್ ಎಂಬ ಆಟಗಾರನಿಗೆ ಒಂದು ಉಪಾಯ ಹೊಳೆಯಿತು. ಇವನು ಕಟುಕರ ಅಂಗಡಿಯವನು, ವಯಸ್ಸು ಇಪ್ಪತ್ತೈದರ ಆಸುಪಾಸು. ಸುತ್ತಲಿನ ಊರುಗಳ ತಂಡಗಳನ್ನೆಲ್ಲ ಕರೆದು ಒಂದೇ ದಿನ ಪಂದ್ಯಾವಳಿ ಮಾಡೋಣ, ಟಿಕೆಟ್ ಇಡೋಣ ಎಂದ. ಆದರೆ ರಗ್ಬಿಗೆ ಒಂದು ಕಡೆ ಹದಿನೈದು ಜನ. ಅಷ್ಟು ಜನರ ಆಟಗಳನ್ನು ಒಂದೇ ಮಧ್ಯಾಹ್ನ ಮುಗಿಸಲು ಆಗುವುದಿಲ್ಲ. ಅದಕ್ಕೆ ಒಂದು ಕಡೆ ಏಳೇ ಜನ, ಆಟದ ಹೊತ್ತೂ ಕಾಲು ಗಂಟೆ ಎಂದು ಇಳಿಸಿದರು. ಊರಿನ ಹೆಂಗಸರು ಸೇರಿ ಒಂದು ಕಪ್ ಕೊಟ್ಟರು. ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಕ್ಕೆ ಮೊದಲ ಬಹುಮಾನ ಟಗರು ಇಡುತ್ತಾರಲ್ಲ, ಹಾಗೆ ಇದೂ ಊರೇ ಮುಂದೆ ನಿಂತು ಮಾಡಿದ ಕೆಲಸ.

ತಾರೀಕು 28 ಏಪ್ರಿಲ್ 1883. ಗಾಲಾದಿಂದಲೂ ಹಾವಿಕ್ ಊರಿನಿಂದಲೂ ಸ್ಪೆಷಲ್ ರೈಲು ಬಿಟ್ಟಿದ್ದರು. ಗಾಲಾದಿಂದಲೇ 862 ಟಿಕೆಟ್. ಓಟದ ಸ್ಪರ್ಧೆ, ಚೆಂಡು ಒದೆಯುವ ಸ್ಪರ್ಧೆ ಎಲ್ಲ ಇದ್ದವು. ಆದರೆ ಜನ ಕಾದಿದ್ದು ಏಳು ಜನರ ಆಟಕ್ಕೆ. ಫೈನಲ್‌ಗೆ ಬಂದವರು ಯಾರು ಅಂತ ನಾನು ಹೇಳಬೇಕಾಗಿಲ್ಲ. ಮೆಲ್‌ರೋಸ್ ಮತ್ತು ಗಾಲಾ. ನೆಡ್ ಹೇಗ್ ಕೂಡ ಮೆಲ್‌ರೋಸ್ ಪರ ಆಡುತ್ತಿದ್ದ.

ರಗ್ಬಿ ನೋಡದವರಿಗೆ ಒಂದು ಮಾತು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಮಾತ್ರ ಕೊಡಬೇಕು. ಚೆಂಡು ಇರುವವನನ್ನು ಎದುರಾಳಿ ತಬ್ಬಿ ಬೀಳಿಸಬಹುದು, ಥೇಟ್ ನಮ್ಮ ಕಬಡ್ಡಿಯ ಸೊಂಟದ ಹಿಡಿತ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ. ದೊಡ್ಡ ಮೈದಾನದಲ್ಲಿ ಹದಿನೈದರ ಬದಲು ಏಳೇ ಜನ ನಿಂತರೆ ಎಲ್ಲಿ ನೋಡಿದರೂ ಬಯಲು. ಓಡಬೇಕು, ಓಡುತ್ತಲೇ ಇರಬೇಕು. ಕಾಲು ಗಂಟೆ ಕಡಿಮೆ ಅನ್ನಿಸುತ್ತದೆ, ಆಡಿದವನನ್ನು ಕೇಳಿ.

ಕಾಲು ಗಂಟೆ ಮುಗಿಯಿತು. ಇಬ್ಬರಿಗೂ ಏನೂ ಸಿಗಲಿಲ್ಲ. ಇನ್ನೂ ಕಾಲು ಗಂಟೆ ಆಡೋಣ ಎಂದಾಯಿತು. ಹತ್ತು ನಿಮಿಷ ಕಳೆದ ಮೇಲೆ ಮೆಲ್‌ರೋಸ್ ಒಂದು ಟ್ರೈ ಮಾಡಿತು. ಅದರ ಹಿಂದೆಯೇ ಗೋಲಿಗೆ ಒದೆಯುವ ಅವಕಾಶ ಇರುತ್ತದೆ. ಅದನ್ನೂ ಒದೆಯಲಿಲ್ಲ. ನಾವು ಗೆದ್ದೆವು, ಕಪ್ ನಮ್ಮದು ಎಂದು ಮೈದಾನ ಬಿಟ್ಟು ನಡೆದೇಬಿಟ್ಟರು! ಗಾಲಾದವರು ಬಿಡುತ್ತಾರಾ? ಕಾಲು ಗಂಟೆ ಅಂತ ಮಾತಾಗಿದೆ, ಪೂರ್ತಿ ಆಡಿ ಎಂದು ಜಗಳಕ್ಕೆ ನಿಂತರು. ಕಪ್ ಮಾತ್ರ ಮೆಲ್‌ರೋಸಿನಲ್ಲೇ ಉಳಿಯಿತು.

ತೀರ್ಪುಗಾರನಾಗಿ ಸೀಟಿ ಊದಿದವನು ನಾನು. ನನ್ನನ್ನು ಕೇಳಿದರೆ ಗಾಲಾದವರ ಮಾತು ಸರಿ. ಕಾಲು ಗಂಟೆ ಎಂದ ಮೇಲೆ ಉಳಿದ ಐದು ನಿಮಿಷ ಆಡಿಸಬೇಕಿತ್ತು. ಆ ಐದು ನಿಮಿಷದಲ್ಲಿ ಏನು ಬೇಕಾದರೂ ಆಗಬಹುದಿತ್ತು. ಆದರೆ ನೋಡಿ, ಇವತ್ತಿಗೂ ಏಳು ಜನರ ರಗ್ಬಿಯಲ್ಲಿ ನಾಕೌಟ್ ಪಂದ್ಯ ಸಮವಾದರೆ ಹೆಚ್ಚಿನ ಹೊತ್ತು ಆಡಿಸುತ್ತಾರೆ, ಅದರಲ್ಲಿ ಮೊದಲು ಅಂಕ ಮಾಡಿದವರೇ ಗೆದ್ದಂತೆ. ಮೆಲ್‌ರೋಸಿನ ಹುಡುಗರು ಆವತ್ತು ಹಟದಿಂದ ಮಾಡಿದ್ದು ಈಗ ನಿಯಮ.

ಈಗ ಆ ಆಟದ ಹೆಸರು ರಗ್ಬಿ ಸೆವೆನ್ಸ್. 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಬಂತು. ಫೈನಲ್‌ನಲ್ಲಿ ಫಿಜಿಯ ಗಂಡಸರ ತಂಡ ಬ್ರಿಟನ್ ತಂಡವನ್ನು 43-7ರಿಂದ ಸೋಲಿಸಿ ಚಿನ್ನ ಗೆದ್ದಿತು. ಫಿಜಿ ದೇಶಕ್ಕೆ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಮೊದಲ ಪದಕ ಅದು. 2025ರ ಜೂನ್‌ನಲ್ಲಿ ನಮ್ಮ ದೇಶದಲ್ಲೇ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು, ಬೆಂಗಳೂರಿನ ಹೆಸರಿನ ತಂಡವೂ ಆಡಿತು. ಅದೂ ಏಳು ಜನರ ಆಟವೇ. ಎಲ್ಲದರ ಬೇರು ದುಡ್ಡಿಲ್ಲದ ಒಂದು ಊರಿನ ಕ್ಲಬ್ಬಿನಲ್ಲಿದೆ.

ನನ್ನನ್ನು ಕಾಡಿದ್ದು ಬೇರೆಯೇ ವಿಷಯ. 140 ವರ್ಷದ ಹಿಂದೆ ಗಾಲಾದಿಂದ ಎಷ್ಟು ಟಿಕೆಟ್ ಹರಿದರು ಎಂಬುದು ನನಗೆ ಅರಸೀಕೆರೆಯಲ್ಲಿ ಕೂತು ಗೊತ್ತಾಗುತ್ತದೆ. ಯಾಕೆಂದರೆ ಆವತ್ತೇ ಯಾರೋ ಲೆಕ್ಕ ಕೇಳಿ ಬರೆದಿದ್ದಾರೆ. ಊರಿನ ಆಟ ತಾನೇ ಎಂದು ಸುಮ್ನೆ ಬಿಟ್ಟಿಲ್ಲ. ಸೋತವರ ತಕರಾರನ್ನೂ ಬಿಟ್ಟಿಲ್ಲ. ನೆಡ್ ಹೇಗ್ ಕೂಡ ವಯಸ್ಸಾದ ಮೇಲೆ ತನಗೆ ನೆನಪಿದ್ದುದನ್ನು ಬರೆದಿಟ್ಟ.

ನಮ್ಮದು? ನಾನು ಇನ್ನೂರು ಪುಟದ ಒಂದು ಉದ್ದನೆ ನೋಟ್‌ಬುಕ್ ಇಟ್ಟಿದ್ದೆ. ನಮ್ಮ ಹುಡುಗರ ಅಂಕ ನೀಲಿ ಶಾಯಿಯಲ್ಲಿ, ಎದುರಿನವರದು ಕೆಂಪು ಶಾಯಿಯಲ್ಲಿ. ಯಾರು ಎಷ್ಟು ರೈಡ್ ಹೋದ, ಯಾರು ಎಷ್ಟು ಹಿಡಿದ, ಎಲ್ಲ ಗೀಟು ಹಾಕಿ ಬರೆಯುತ್ತಿದ್ದೆ. 1994ರಲ್ಲಿ ಪಕ್ಕದ ಊರಿನ ಹೈಸ್ಕೂಲಿನ ಮೇಲೆ ಹೋಬಳಿ ಮಟ್ಟದ ಕಬಡ್ಡಿ ಫೈನಲ್ ಗೆದ್ದೆವು. ಅದಕ್ಕೆ ಮುಂಚೆ ನಾಲ್ಕು ವರ್ಷ ಸತತ ಅವರ ಕೈಲೇ ಸೋತಿದ್ದೆವು. ಕೊನೆಯ ರೈಡ್‌ಗೆ ಹೋದ ಹುಡುಗನ ಮೊಣಕಾಲು ಕಿತ್ತು ರಕ್ತ ಬರುತ್ತಿತ್ತು. ಬೋನಸ್ ಗೆರೆಯ ಹತ್ತಿರ ನಾಲ್ಕು ಜನ ಮೇಲೆ ಬಿದ್ದರು. ಅವರೆಲ್ಲರನ್ನೂ ಎಳೆದುಕೊಂಡು ಬಂದು ಎರಡು ಬೆರಳನ್ನು ನಡುಗೆರೆಗೆ ಮುಟ್ಟಿಸಿದ. ಆ ಬೆರಳಿನ ಗುರುತು ಮಣ್ಣಿನಲ್ಲಿ ಇತ್ತು. ತೀರ್ಪುಗಾರರು ಬಗ್ಗಿ ನೋಡಿಯೇ ಅಂಕ ಕೊಟ್ಟರು. ನಾನೂ ಬಗ್ಗಿ ನೋಡಿದೆ.

ಆ ಹುಡುಗ ಈಗ ಲಾರಿ ಓಡಿಸುತ್ತಾನೆ. ಹೋದ ವರ್ಷ ಫೋನ್ ಮಾಡಿದ್ದ. "ಸಾರ್, ಆವತ್ತಿನ ಸ್ಕೋರ್ ಎಷ್ಟು ಹೇಳಿ, ನನ್ನ ಮಗಳು ನಂಬ್ತಿಲ್ಲ" ಎಂದ. ಅಟ್ಟದಿಂದ ನೋಟ್‌ಬುಕ್ ಇಳಿಸಿದೆ. ಗೆದ್ದಲು ತಿಂದಿತ್ತು. ಮೇಲಿನ ರಟ್ಟು ಇತ್ತು, ಒಳಗೆ ಕೈಗೆ ಬಂದದ್ದು ಬರೀ ಮಣ್ಣು. ಒಂದೇ ಅಂಕದಲ್ಲಿ ಗೆದ್ದದ್ದು ನೆನಪಿದೆ. ಎಷ್ಟಕ್ಕೆ ಎಷ್ಟು ಎಂಬುದು ನೆನಪಿಲ್ಲ. ಯಾವ ಪೇಪರಿನಲ್ಲೂ ಆವತ್ತು ಒಂದು ಸಾಲು ಬಂದಿರಲಿಲ್ಲ. ಅವನಿಗೆ ಏನು ಹೇಳಲಿ? ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅದಕ್ಕೇ ಈ ಪತ್ರ. ನಿಮ್ಮ ಜಿಲ್ಲಾ ಪುಟದಲ್ಲಿ ಪಂದ್ಯಾವಳಿಯ ಸುದ್ದಿ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ದೀಪ ಹಚ್ಚಿದವರ ಹೆಸರು ಇರುತ್ತದೆ, ವೇದಿಕೆ ಮೇಲೆ ಕೂತ ಹನ್ನೆರಡು ಜನರ ಹೆಸರೂ ಇರುತ್ತದೆ. ಗೆದ್ದವರು ಯಾರು, ಎಷ್ಟು ಅಂಕಕ್ಕೆ ಗೆದ್ದರು ಎಂಬುದು ಇರುವುದಿಲ್ಲ. ನನಗೆ ಬೇಕಾದ್ದು ಜಾಗ ಜಾಸ್ತಿ ಅಲ್ಲ. ವಾರಕ್ಕೊಮ್ಮೆ, ಸೋಮವಾರ, ಒಂದು ಅರ್ಧ ಕಾಲಂ. ಒಂದೊಂದು ಆಟಕ್ಕೆ ನಾಲ್ಕು ಸಾಲು. ಎರಡೂ ತಂಡದ ಹೆಸರು, ಅಂಕ, ಚೆನ್ನಾಗಿ ಆಡಿದ ಒಬ್ಬರ ಹೆಸರು. ಸೋತವರಲ್ಲೂ ಒಬ್ಬರ ಹೆಸರು. ಹೆಣ್ಣುಮಕ್ಕಳ ಆಟವನ್ನು ಬಿಡಬೇಡಿ, ಅವರದಂತೂ ಬಾಯಿಮಾತಿನಲ್ಲೂ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಕೈಯಿಂದ ದುಡ್ಡು ಹಾಕಿ ರಗ್ಬಿ ಆಡುವ ಹುಡುಗ ಹುಡುಗಿಯರದೂ ಬರಲಿ. ಹಳ್ಳಿಯ ವಾಲಿಬಾಲೂ ಬರಲಿ.

ವರದಿಗಾರರಿಗೆ ಎಲ್ಲಾ ಕಡೆ ಹೋಗಲು ಆಗುವುದಿಲ್ಲ, ಗೊತ್ತು. ಪ್ರತಿ ತಾಲ್ಲೂಕಿನಲ್ಲೂ ನನ್ನಂಥ ಮೇಷ್ಟ್ರುಗಳಿದ್ದಾರೆ. ಕೇಳಿದರೆ ಬರೆದು ಕಳಿಸುತ್ತಾರೆ. ನಮ್ಮ ಹೋಬಳಿಯ ಈ ವರ್ಷದ ಪಂದ್ಯಗಳಿಗೆ ಅಂಕ ಬರೆಯಲು ನಾನೇ ಕೂರುತ್ತೇನೆ. ಸಂಜೆ ಆರರೊಳಗೆ ನಿಮ್ಮ ಅರಸೀಕೆರೆ ವರದಿಗಾರರ ಕೈಗೆ ತಲುಪಿಸುತ್ತೇನೆ, ಹೆಸರುಗಳ ಕಾಗುಣಿತ ತಿದ್ದಿ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ, ಅರಸೀಕೆರೆ