ದೆಡ್ಜಾದ ತಾಯಂದಿರಿಗೆ ನಾನು ಋಣಿ

ಮಲಾವಿ ದೇಶದ ದೆಡ್ಜಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಎರಡು ವರ್ಷ ಸ್ವಯಂಸೇವಕಿಯಾಗಿ ಕೆಲಸ ಮಾಡಿ ಮರಳಿ ಬಂದು ಮೂರು ವಾರಗಳಾದವು. ಹೊರಡುವ ದಿನ ಶಾಲೆಯ ಅಂಗಳದಲ್ಲಿ ನೆರೆದವರೆದುರು ನಿಂತಾಗ ಗಂಟಲು ಕಟ್ಟಿ, 'ಝಿಕೊಮೊ ಕ್ವಂಬಿರಿ' ಎಂಬ ಎರಡು ಪದಗಳ ಹೊರತು ಬೇರೇನೂ ಬಾಯಿಂದ ಹೊರಡಲಿಲ್ಲ. ಚಿಚೇವಾ ಭಾಷೆಯಲ್ಲಿ ಅದಕ್ಕೆ 'ತುಂಬಾ ಧನ್ಯವಾದ' ಎಂದರ್ಥ. ಅಂದು ಹೇಳಲಾಗದೆ ಉಳಿದದ್ದನ್ನು ಇಂದು ನನ್ನ ಭಾಷೆಯಲ್ಲಿ, ನನ್ನನ್ನು ಕಳುಹಿಸಿಕೊಟ್ಟ ನಿಮ್ಮೆಲ್ಲರ ಮುಂದೆ, ಸಾವಧಾನವಾಗಿ ಹೇಳಬೇಕೆನಿಸಿದೆ.

ಮೊದಲ ಕೃತಜ್ಞತೆ ಆ ಶಾಲೆಯ ತಾಯಂದಿರ ಗುಂಪಿಗೆ ಸಲ್ಲಬೇಕು. ಮಲಾವಿ 1994ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸಿದಾಗ ಲಕ್ಷಗಟ್ಟಲೆ ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ಆದರೆ ಬಂದವರೆಲ್ಲ ಎಂಟನೆಯ ತರಗತಿಯವರೆಗೆ ಉಳಿಯಲಿಲ್ಲ. ನಮ್ಮ ಶಾಲೆಯಲ್ಲೂ ಒಂದನೆಯ ತರಗತಿಯ ನೂರಕ್ಕೂ ಹೆಚ್ಚು ಮಕ್ಕಳು ಮರದ ನೆರಳಿನಲ್ಲಿ ಒತ್ತೊತ್ತಾಗಿ ಕುಳಿತಿರುತ್ತಿದ್ದರೆ, ಎಂಟನೆಯ ತರಗತಿಯ ಹುಡುಗಿಯರೆಲ್ಲ ಎರಡು ಬೆಂಚುಗಳಲ್ಲಿ ಹಿಡಿಸುತ್ತಿದ್ದರು. ನಡುವೆ ಕಳೆದುಹೋಗುವ ಹುಡುಗಿಯರನ್ನು ಹುಡುಕಿ ಕರೆತರುವುದೇ ತಾಯಂದಿರ ಗುಂಪಿನ ಕೆಲಸ. ಮಲಾವಿಯ ಅನೇಕ ಶಾಲೆಗಳಲ್ಲಿ ಇಂಥ ಗುಂಪುಗಳಿವೆ. ನಮ್ಮ ಗುಂಪಿನವರೆಲ್ಲ ಹೊಲದಲ್ಲಿ ದುಡಿದು ಬರುವ ಹೆಂಗಸರು. ಈ ಕೆಲಸಕ್ಕೆ ಅವರಿಗೆ ಸಂಬಳವಿಲ್ಲ. ನನ್ನ ಪಾಲಿಗೆ ಬಂದದ್ದು ಸಣ್ಣ ಕೆಲಸ: ಪ್ರತಿ ಶುಕ್ರವಾರ ಹಾಜರಿ ಪುಸ್ತಕವನ್ನು ತಿರುವಿಹಾಕಿ, ವಾರವಿಡೀ ಬಾರದಿದ್ದ ಹುಡುಗಿಯರ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಡುವುದು. ಮುಂದಿನದೆಲ್ಲ ಅವರದು.

ಅವರ ಜೊತೆ ಮನೆಮನೆಗೆ ಹೋದ ದಿನಗಳನ್ನು ನಾನು ಮರೆಯಲಾರೆ. ಅಂಗಳದ ಅಂಚಿನಲ್ಲಿ ನಿಂತು 'ಓಡಿ', ಅಂದರೆ ಅವರ ಭಾಷೆಯಲ್ಲಿ 'ಒಳಗೆ ಬರಬಹುದೇ', ಎಂದು ಕೂಗಿ, ಒಳಗಿನಿಂದ ದನಿ ಬಂದ ಮೇಲೆಯೇ ಕಾಲಿಡಬೇಕು. ಮನೆಯವರು ಚಾಪೆ ಹಾಸುತ್ತಾರೆ. ಹೆಂಗಸರು ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆಯನ್ನು ಸರಿಪಡಿಸಿಕೊಂಡು, ಕಾಲು ಚಾಚಿ ಕುಳಿತು, ಮೆಕ್ಕೆಜೋಳ ಹೇಗಿದೆ, ಮಳೆ ಎಷ್ಟಾಯಿತು, ಅಜ್ಜಿಯ ಕೆಮ್ಮು ಇಳಿಯಿತೇ ಎಂದು ವಿಚಾರಿಸುತ್ತಾರೆ. ಶಾಲೆಯ ಮಾತು ಬರುವಷ್ಟರಲ್ಲಿ ಅರ್ಧ ಗಂಟೆಯಾದರೂ ಕಳೆದಿರುತ್ತದೆ. ಮೊದಮೊದಲು ನನಗೆ ಚಡಪಡಿಕೆಯಾಗುತ್ತಿತ್ತು. ಆ ಅರ್ಧ ಗಂಟೆಯಲ್ಲಿಯೇ ಅವರು ಹುಡುಗಿ ಎಲ್ಲಿದ್ದಾಳೆ, ತಂಗಿಯನ್ನು ನೋಡಿಕೊಳ್ಳುತ್ತಿದ್ದಾಳೆಯೇ, ಮದುವೆಯ ಮಾತು ನಡೆದಿದೆಯೇ ಎಂಬುದನ್ನೆಲ್ಲ ತಿಳಿದುಕೊಂಡಿರುತ್ತಿದ್ದರು ಎಂಬುದು ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು.

ನನ್ನದೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿದೆಯೆಂದು ತಿಳಿದಾಗ, ಯಾರನ್ನೂ ಕೇಳದೆ ನಾನು ಅವಳ ತಂದೆಯ ಬಳಿ ಹೋಗಿ ಮಾತನಾಡಿದೆ. ಅವರು ತಲೆಯಾಡಿಸಿದರು, ಏನೂ ಬದಲಾಗಲಿಲ್ಲ. ಚೇವಾ ಸಮುದಾಯದಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ. ಇಂಥ ವಿಷಯಗಳಲ್ಲಿ ತೂಕವಿರುವುದು ಸೋದರಮಾವನ ಮಾತಿಗೆ. ಗುಂಪಿನ ಹಿರಿಯ ತಾಯಿ ನನ್ನನ್ನು ಗದರಿಸಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಪಕ್ಕದ ಹಳ್ಳಿಯಲ್ಲಿದ್ದ ಆ ಸೋದರಮಾವನ ಮನೆಗೆ ನಡೆದರು. ಒಂದೇ ಭೇಟಿಯಲ್ಲಿ ಆಗಲಿಲ್ಲ, ನಾಲ್ಕು ಸಲ ಹೋಗಬೇಕಾಯಿತು. ಮದುವೆ ನಿಂತಿತು. ಆ ತಾಯಿಗೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಅಂದು ಅವರ ಮಾತಿಗೆ ಬೆನ್ನೆಲುಬಾಗಿ ಕಾನೂನೂ ಇತ್ತು. ಮಲಾವಿ 2015ರ ಕಾಯ್ದೆಯಲ್ಲಿ ಮದುವೆಯ ವಯಸ್ಸನ್ನು 18 ಎಂದು ನಿಗದಿಪಡಿಸಿತ್ತಾದರೂ, ಹೆತ್ತವರ ಒಪ್ಪಿಗೆಯಿದ್ದರೆ 15ಕ್ಕೇ ಮದುವೆಯಾಗಬಹುದೆಂಬ ಅವಕಾಶ ಸಂವಿಧಾನದಲ್ಲಿ ಉಳಿದುಕೊಂಡಿತ್ತು. 2017ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಇದನ್ನು ಹಳ್ಳಿಯ ಸಭೆಯಲ್ಲಿ ಮತ್ತೆ ಮತ್ತೆ ಬಿಡಿಸಿ ಹೇಳಿದ ನಮ್ಮ ಊರ ಮುಖ್ಯಸ್ಥರಿಗೆ ನನ್ನ ವಂದನೆ. ಇದೇ ದೆಡ್ಜಾ ಜಿಲ್ಲೆಯಲ್ಲಿ ನೂರಾರು ಬಾಲ್ಯವಿವಾಹಗಳನ್ನು ರದ್ದುಪಡಿಸಿ ಮಕ್ಕಳನ್ನು ಶಾಲೆಗೆ ಮರಳಿಸಿದ ಮುಖ್ಯಸ್ಥೆ ತೆರೇಸಾ ಕಚಿಂದಮೋಟೊ ಅವರ ಹೆಸರನ್ನು ಆ ಸಭೆಗಳಲ್ಲಿ ಎಷ್ಟು ಗೌರವದಿಂದ ಎತ್ತುತ್ತಿದ್ದರು ಎಂಬುದನ್ನು ಕಿವಿಯಾರೆ ಕೇಳಿದ್ದೇನೆ. ಕಾನೂನು ರಾಜಧಾನಿಯಲ್ಲಿ ಹುಟ್ಟಿದರೂ ಹಳ್ಳಿಯಲ್ಲಿ ಅದಕ್ಕೆ ಕೈಕಾಲು ಬರುವುದು ಇಂಥವರಿಂದ ಎಂದು ನಾನು ನಂಬುತ್ತೇನೆ.

ಶಾಲೆಯ ಮುಖ್ಯೋಪಾಧ್ಯಾಯರು ನನ್ನ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳಿಸಿಕೊಂಡರು. ಬೆಳಿಗ್ಗೆ ತರಗತಿ ಗುಡಿಸುವುದು, ಕೊಳವೆಬಾವಿಯಿಂದ ನೀರು ತರುವುದು ಹುಡುಗಿಯರಿಗೆ ಮಾತ್ರ ಏಕೆ ಎಂದು ಒಮ್ಮೆ ಕೇಳಿದಾಗ ಅವರು ಏನೂ ಹೇಳಲಿಲ್ಲ. ಮುಂದಿನ ಸೋಮವಾರ ಗೋಡೆಯ ಮೇಲೆ ಹೊಸ ಪಟ್ಟಿ ಅಂಟಿಸಿದ್ದರು, ಅದರಲ್ಲಿ ಹುಡುಗರ ಹೆಸರೂ ಸರದಿಯ ಪ್ರಕಾರ ಇತ್ತು. ಕೆಲವು ದಿನ ಗೊಣಗಾಟ ಕೇಳಿಸಿತು, ಆಮೇಲೆ ಅದೂ ನಿಂತಿತು. ನೀರು ತರುವ ಹೊತ್ತು ಉಳಿದದ್ದರಿಂದ ಹುಡುಗಿಯರು ಮೊದಲ ಪಾಠಕ್ಕೆ ತಡವಾಗಿ ಬರುವುದು ತಪ್ಪಿತು. ಒಗೆದು ಮತ್ತೆ ಬಳಸಬಹುದಾದ ಬಟ್ಟೆಯ ಪ್ಯಾಡ್ ಹೊಲಿಯುವುದಕ್ಕೆ ತಾಯಂದಿರು ಕುಳಿತಾಗ, ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು ಹೊರಗೆ ಮರದಡಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದವರು ಅವರು. ಆ ಬಟ್ಟೆಗೆ ಹಣ ಕಳುಹಿಸಿದ ಗೆಳೆಯ ಗೆಳತಿಯರೇ, ನಿಮ್ಮ ಹಣದ ಒಂದೊಂದು ಕ್ವಾಚಾದ ಲೆಕ್ಕವೂ ಆ ಗುಂಪಿನ ಖಾತೆ ಪುಸ್ತಕದಲ್ಲಿದೆ.

ಎರಡನೆಯ ಮಳೆಗಾಲದಲ್ಲಿ ಮಲೇರಿಯಾ ಹಿಡಿದು ಏಳಲಾಗದೆ ಮಲಗಿದಾಗ, ಕೆಸರಿನ ದಾರಿಯಲ್ಲಿ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ತಲುಪಿಸಿದ ಹುಡುಗನಿಗೆ, ಮೂರು ದಿನ ಹೊತ್ತು ಹೊತ್ತಿಗೆ ಮಾತ್ರೆ ನೆನಪಿಸಿದ ಮನೆಯೊಡತಿಗೆ ನಾನು ಋಣಿ. ಮನಸ್ಸಿನಲ್ಲಿ ಆತಂಕವಿದ್ದರೂ 'ವಾಪಸು ಬಾ' ಎಂದು ಒಮ್ಮೆಯೂ ಹೇಳದ ಅಮ್ಮನಿಗೂ.

ಇನ್ನೊಬ್ಬಳಿಗೆ ಹೇಳಲೇಬೇಕು. ಹೆರಿಗೆಯ ನಂತರ ಹುಡುಗಿ ಶಾಲೆಗೆ ಮರಳಬಹುದೆಂಬ ನೀತಿ ಮಲಾವಿಯಲ್ಲಿ 1993ರಿಂದಲೇ ಇದೆ. ಆದರೆ ತನಗಿಂತ ಕಿರಿಯರ ನಡುವೆ ಮತ್ತೆ ಹೋಗಿ ಕೂರುವ ಧೈರ್ಯವನ್ನು ಯಾವ ನೀತಿಯೂ ಕೊಡಲಾರದು. ಅವಳು ಬಂದಳು. ಮಗುವನ್ನು ಗುಂಪಿನ ಒಬ್ಬ ತಾಯಿ ಬೆನ್ನಿಗೆ ಕಟ್ಟಿಕೊಂಡು ಕಿಟಕಿಯ ಹೊರಗೆ ಅಡ್ಡಾಡುತ್ತಿದ್ದರು. ಅತ್ತಾಗ ಇವಳು ಎದ್ದು ಹೋಗಿ ಹಾಲೂಡಿಸಿ ಬಂದು, ನಿಲ್ಲಿಸಿದ್ದ ಲೆಕ್ಕವನ್ನೇ ಮುಂದುವರಿಸುತ್ತಿದ್ದಳು. ಪ್ರಾಥಮಿಕ ಶಾಲೆಯ ಅಂತಿಮ ಪರೀಕ್ಷೆಯಲ್ಲಿ ಅವಳು ತೇರ್ಗಡೆಯಾದಳು. ನನ್ನ ಕಣ್ಣೆದುರೇ ಇದು ನಡೆಯಿತಲ್ಲ ಎಂಬ ಸಂತೋಷಕ್ಕಾಗಿ, ಮಗಳೇ, ನಿನಗೆ ಧನ್ಯವಾದ.

ಹೊರಡುವ ಮುನ್ನ ನೋಟ್‌ಬುಕ್ಕನ್ನು ಗುಂಪಿನ ಕಿರಿಯ ಸದಸ್ಯೆಯ ಕೈಗೆ ಕೊಟ್ಟಿದ್ದೆ. ಮೊನ್ನೆ ಅವರು ಅದರ ಹೊಸ ಪುಟದ ಚಿತ್ರ ಕಳುಹಿಸಿದ್ದಾರೆ. ಗೆರೆಗಳು ನನ್ನವಕ್ಕಿಂತ ನೇರವಾಗಿವೆ. ನಾಲ್ಕು ಹೆಸರುಗಳಿವೆ, ಮೂರರ ಮುಂದೆ ಹೋಗಿ ಬಂದ ದಿನಾಂಕ ಬರೆದಿದ್ದಾರೆ. ನಾಲ್ಕನೆಯ ಮನೆ ಗುಡ್ಡದಾಚೆ ಇದೆಯಂತೆ, ಗುರುವಾರ ಹೊರಡುತ್ತಾರಂತೆ.